ಮೇಲಿನ ಕಲ್ಲು

ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಮೇಲೂ ನಾಲಗೆಯ ತುದಿಗೆ ಕಲ್ಲಿನ ಪುಡಿ ಸಿಕ್ಕಿದ ಹಾಗಾಗಿ ಶ್ರೀನಾಥ ಮತ್ತೊಮ್ಮೆ ಉಗುಳಿದ. ಬಚ್ಚಲಿನ ಬಿಳಿ ನೆಲದ ಮೇಲೆ ಬಿದ್ದದ್ದು ಬರೀ ನೀರು. ಬೀಸುವ ಕಲ್ಲಿಗೆ ತೂತು ಹೊಡೆದ ದಿನದಿಂದ ಹೀಗೆಯೇ. ಅನ್ನದಲ್ಲಿ, ಮುದ್ದೆಯಲ್ಲಿ, ಒಂದೊಂದು ಸಲ ಕುಡಿಯುವ ನೀರಿನಲ್ಲೂ ಏನೋ ಸಣ್ಣಗೆ ಕರಕರ ಎನ್ನುವುದು. ಡಾಕ್ಟರ ಹತ್ತಿರ ಹೇಳಿದರೆ ನಗುತ್ತಾರೆ. ದೇವರ ಹತ್ತಿರ ಹೇಳಿದರೆ ಅವನು ನಗುವುದಿಲ್ಲ, ಸುಮ್ಮನೆ ನೋಡುತ್ತಾನೆ. ಸುಮ್ಮನೆ ನೋಡುವವರ ಎದುರಿಗೆ ನಿಲ್ಲುವುದೇ ಕಷ್ಟವೆಂದು ಅವನು ಈಚೆಗೆ ದೇವರಮನೆಯ ಬಾಗಿಲಲ್ಲೇ ಕೈಮುಗಿದು ಹೊರಟುಬಿಡುತ್ತಿದ್ದ.

ಅಡಿಗೆಮನೆಯಿಂದ ಅವನ ತಾಯಿ ಅಕ್ಕಯಮ್ಮ ಏನೋ ಹೇಳುತ್ತಿದ್ದಳು. ಬಂದು ಕೂತ ಮೇಲೆ ಅರ್ಥವಾಯಿತು. ಹಿಂದೆ ಪಕ್ಕದಲ್ಲೇ ಬಾಡಿಗೆಗಿದ್ದ ಖುರ್ಷೀದ್ ನಿನ್ನೆ ಫೋನ್ ಮಾಡಿದ್ದಳಂತೆ. ಅವಳ ಮೊಮ್ಮಗಳು ಲೈಬಾಳ ಮದುವೆ ಕೂಡಿಬಂದಿದೆಯಂತೆ, ಈ ಶುಕ್ರವಾರವೇ ಅರಿಶಿನ. ಆ ಮನೆಯಲ್ಲಿ ಹೆಣ್ಣುಮಕ್ಕಳ ಅರಿಶಿನವನ್ನು ಅವಳ ತಾಯಿಯ ಕಾಲದಿಂದ ಆ ಕಲ್ಲಿನಲ್ಲೇ ಬೀಸಿದ್ದು, ಈಗ ಇದೊಂದು ಬೀಸಿಬಿಟ್ಟರೆ ತನ್ನ ಕೆಲಸ ಮುಗಿಯಿತು ಅಂದಳಂತೆ. ಅದಕ್ಕೇ ಇವತ್ತು ಮಧ್ಯಾಹ್ನ ಆಟೋ ಮಾಡಿಕೊಂಡು ಶ್ರೀನಾಥನ ಎಗ್ಜಿಬಿಷನ್ ಹತ್ತಿರ ಬಂದು ತನ್ನ ಮೇಲಿನ ಕಲ್ಲು ತೆಗೆದುಕೊಂಡು ಹೋಗುತ್ತಾಳಂತೆ.

"ಕೆಳಗಿಂದೂ ಕೊಟ್ಟು ಕಳ್ಸು ಸೀನ," ಅಂದಳು ಅಕ್ಕಯಮ್ಮ, ರೊಟ್ಟಿ ಮಗುಚುತ್ತ. "ಒಂದೇ ಕಲ್ಲಲ್ಲಿ ಅರಿಶಿನ ಬೀಸಕ್ಕಾಯ್ತದಾ? ಮದುವೆ ಮುಗಿದ ಮೇಲೆ ನಮ್ದು ನಮಗೆ ಬರ್ಲಿ, ಅವಳದ್ದು ಅವಳಿಗಿರ್ಲಿ. ನೀನೇ ನಿಂತು ಎತ್ತಿಡು ಆಟೋಗೆ, ಡ್ರೈವರ್ ಕೈಲಿ ಎತ್ತಿಸ್ಬೇಡ. ಮಕ್ಕಳನ್ನ ಎತ್ತಿದ ಹಾಗೆ ಎತ್ತಬೇಕು ಅದನ್ನ."

ಶ್ರೀನಾಥ "ಹೂಂ" ಅಂದ.

ಅವನಿಗೆ ಹೂಂಗುಟ್ಟುವುದನ್ನು ಕಲಿಸಿದವಳೇ ಅಕ್ಕಯಮ್ಮ. ಕಥೆ ಹೇಳುವಾಗ ಎದುರಿಗೆ ಕೂತವನು ಹೂಂಗುಟ್ಟದಿದ್ದರೆ ಕಥೆ ದಾರಿ ತಪ್ಪಿ ಕಾಡಿಗೆ ಹೋಗುತ್ತದೆ ಎನ್ನುತ್ತಿದ್ದಳು. ರಾಜನ ಮಗ ಬಾವಿಗೆ ಬಿದ್ದಾಗಲೂ ಹೂಂ, ಏಳು ಮಲ್ಲಿಗೆ ತೂಕದ ಹೆಣ್ಣು ಕಲ್ಲಾದಾಗಲೂ ಹೂಂ. ಒಪ್ಪಿಗೆಯೂ ಅಲ್ಲ, ಒಪ್ಪದಿರುವುದೂ ಅಲ್ಲ, ಕೇಳುತ್ತಿದ್ದೇನೆ ಅಂತ ಅಷ್ಟೆ. ಆ ಕಲಿತ ಹೂಂ ಈಗ ಅವನಿಗೆ ಎಲ್ಲ ಕಡೆ ಒದಗುತ್ತಿತ್ತು. ತಿಂಗಳ ಹಿಂದೆ ಎಗ್ಜಿಬಿಷನ್ನಿಗೆಂದು ಈ ಕಲ್ಲು ಕೇಳಿದಾಗ ಅಕ್ಕಯಮ್ಮ ಎರಡು ಮಾತು ಹೇಳಿದ್ದಳು. ಮೇಲಿನದು ಖುರ್ಷೀದಳದು, ಅವಳನ್ನು ಒಂದು ಮಾತು ಕೇಳು. ಇನ್ನೊಂದು, ಕಾಳು ಹಾಕದೆ ಬರೀ ಕಲ್ಲು ಬೀಸಬೇಡ. ಎರಡಕ್ಕೂ ಹೂಂ ಅಂದಿದ್ದ. ಎರಡನ್ನೂ ಮಾಡಲಿಲ್ಲ. ಖುರ್ಷೀದಳನ್ನು ಕೇಳಲು ಶಿವಾಜಿನಗರದ ಆ ಕಡಿದಾದ ಮೆಟ್ಟಿಲು ಹತ್ತಬೇಕು. ಹತ್ತಿದರೆ, ಅವಳ ಗಂಡ ಮುಕ್ತಾರ್ ತೀರಿಕೊಂಡಾಗ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಅಲ್ಲಿ ಕೂತಿರುತ್ತದೆ. ಅವಳು ಕೇಳುವುದಿಲ್ಲ, ಚಾ ಕೊಡುತ್ತಾಳೆ. ಆ ಚಾ ಕುಡಿಯುವುದನ್ನು ನೆನೆದೇ ಅವನು ಹೋಗಿರಲಿಲ್ಲ.

ಆ ಕಲ್ಲು ಕೂಡಿದ್ದು ಅವನು ಇನ್ನೂ ಅಕ್ಕಯಮ್ಮನ ಹೊಟ್ಟೆಯಲ್ಲಿದ್ದಾಗ. ಕಗ್ಗದಾಸಪುರ ಆಗ ಹಳ್ಳಿ. ಅಪ್ಪ ಮುನಿಆಂಜನಪ್ಪ ಕೊಟ್ಟಿಗೆಯ ಪಕ್ಕ ಸಾಲಾಗಿ ಹಂಚಿನ ಮನೆ ಹಾಕಿಸಿ ಬಾಡಿಗೆಗೆ ಬಿಟ್ಟಿದ್ದ. ಅದರಲ್ಲೊಂದಕ್ಕೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರದ ಮುಕ್ತಾರ್ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ. ಗಾಡಿಯಿಂದ ಸಾಮಾನು ಇಳಿಸುವಾಗ ಅವಳು ತವರಿನಿಂದ ತಂದಿದ್ದ ಬೀಸುವ ಕಲ್ಲಿನ ಕೆಳಗಿನದು ಜಾರಿ ಬಿದ್ದು ಎರಡು ಹೋಳಾಯಿತು. ಬಂದ ಮನೆಯ ಹೊಸ್ತಿಲಲ್ಲೇ ಕಲ್ಲು ಒಡೆಯಿತೆಂದು ಹುಡುಗಿ ಗೋಡೆಗೆ ಮುಖ ಮಾಡಿ ಅಳುತ್ತ ನಿಂತಳು. ತುಂಬಿದ ಬಸುರಿ ಅಕ್ಕಯಮ್ಮ ಹೋಗಿ, ನನ್ನ ಮೇಲಿನದು ಸವೆದು ಹಪ್ಪಳವಾಗಿದೆ, ನಿನ್ನ ಮೇಲಿನದು ತಾ, ನನ್ನ ಕೆಳಗಿನದಿದೆ, ಎರಡು ಮನೆಗೂ ಒಂದು ಕಲ್ಲಾಯಿತು ಅಂದಳಂತೆ. ಹಾಗೆ ಕೂಡಿದ ಕಲ್ಲು ಮೊದಮೊದಲು ಒಗ್ಗಲಿಲ್ಲ. ಹಿಟ್ಟಿನಲ್ಲಿ ಕಲ್ಲುಪುಡಿ ಬರುತ್ತಿತ್ತು. ಗೋಡೆಯ ಆಚೆ ಮುಕ್ತಾರ್, ಈಚೆ ಮುನಿಆಂಜನಪ್ಪ ಒಂದೇ ಹೊತ್ತಿಗೆ ತುತ್ತು ಉಗುಳಿ ಬೈಯುತ್ತಿದ್ದರಂತೆ, ಇವನು ಕನ್ನಡದಲ್ಲಿ, ಅವನು ದಖ್ಖನಿಯಲ್ಲಿ. ಒಂದು ಸುಗ್ಗಿ ಕಳೆಯುವ ಹೊತ್ತಿಗೆ ಕಲ್ಲಿಗೆ ಕಲ್ಲು ಒಗ್ಗಿತು. ಒಬ್ಬಳು ಮುನೇಶ್ವರನ ಹೆಸರು ಹೇಳಿ, ಇನ್ನೊಬ್ಬಳು ಬಿಸ್ಮಿಲ್ಲಾ ಹೇಳಿ ಒಂದೇ ಗೂಟಕ್ಕೆ ಕೈ ಹಾಕುವರು. ಅಕ್ಕಯಮ್ಮ ಒಂದು ಸೊಲ್ಲು ಎತ್ತಿದರೆ ಖುರ್ಷೀದ್ ಅದೇ ಮಟ್ಟಿನಲ್ಲಿ ತನ್ನ ಭಾಷೆಯ ಸೊಲ್ಲು ಸೇರಿಸುವಳು. ಇವಳಿಗೆ ಅವಳ ಮಾತು ಪೂರ್ತಿ ತಿಳಿಯದು, ಅವಳಿಗೆ ಇವಳದು ತಿಳಿಯದು. ಕಲ್ಲಿಗೆ ಎರಡೂ ತಿಳಿಯುತ್ತಿತ್ತು.

ಸಾಲುಮನೆ ಕೆಡವಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಲು ಅಪ್ಪ ಎಲ್ಲರನ್ನೂ ಬಿಡಿಸಿದಾಗ ಖುರ್ಷೀದ್ ಜಗಳವಾಡಲಿಲ್ಲ. ಶಿವಾಜಿನಗರದ ಮೂರನೇ ಮಹಡಿಯ ಕೋಣೆಗೆ ಕಲ್ಲು ಏರುವುದಿಲ್ಲ ಅಂದಳು. "ಅಮಾನತ್ ಅಕ್ಕ, ನಿಮ್ಮ ಹತ್ರ ಇರ್ಲಿ," ಅಂದಳು. ಅಮಾನತ್ ಅಂದರೆ ಏನೆಂದು ಆಗ ಕಾಲೇಜಿನಲ್ಲಿದ್ದ ಶ್ರೀನಾಥ ಕೇಳಿದ್ದಕ್ಕೆ ಅಕ್ಕಯಮ್ಮ, ದೇವರನ್ನು ಸಾಕ್ಷಿ ಮಾಡಿ ಇನ್ನೊಬ್ಬರ ಕೈಯಲ್ಲಿ ಇಟ್ಟು ಹೋಗುವುದು ಕಣೋ, ಕೇಳಿದ ದಿನ ಕೊಟ್ಟ ಹಾಗೇ ಕೊಡಬೇಕು, ಅಂದಿದ್ದಳು.

ಕೊಟ್ಟ ಹಾಗೇ. ಹಳೇ ಮದ್ರಾಸು ರಸ್ತೆಯ ಲಾರಿಗಳ ನಡುವೆ ಬೈಕು ನುಗ್ಗಿಸುತ್ತ ಅವನು ಆ ಎರಡು ಪದಗಳನ್ನು ಬಾಯೊಳಗೇ ಅಗಿದ. ಮೇಲಿನ ಕಲ್ಲಿಗೆ ತೂತು ಹೊಡೆದವನು ಅವನೇ. ಕೆ.ಆರ್. ಪುರದ ಕಡೆಯ ಒಂದು ಗ್ರಾನೈಟ್ ಅಂಗಳದಲ್ಲಿ ಮೆಷಿನ್ ಬಾಡಿಗೆಗೆ ಹಿಡಿದು, ಅಂಚಿನಿಂದ ನಾಲ್ಕು ಬೆರಳು ಒಳಗೆ ಬಿಟ್ಟು, ಕಾಲಿಂದ ಕಲ್ಲನ್ನು ಒತ್ತಿ ಹಿಡಿದಿದ್ದ. ಕಾಲಿಂದ. ಆಗ ಅದು ಹೊಳೆದಿರಲಿಲ್ಲ. ನೀರು ಹುಯ್ದು ಹುಯ್ದು ಕೊರೆಯುವಾಗ ಬೆಳ್ಳಗಿನ ಕೆಸರು ಉಕ್ಕಿ ಬಂದು ಅವನ ಪಾದದ ಬೆರಳ ಸಂದಿಗೆ ಇಳಿಯಿತು, ಬಾಣಂತಿಯ ಹಾಲಿನ ಹಾಗೆ ಬೆಚ್ಚಗಿತ್ತು. ಕೊನೆಯಲ್ಲಿ ಟಕ್ ಎಂದು ಒಂದು ಸದ್ದು. ತೊಳೆದು ನೋಡಿದರೆ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು. ಗೆಳೆಯ ಜಗನ್, ಕಲ್ಲು ತಿರುಗಿದ್ದು ಯಂತ್ರಕ್ಕೆ ತಿಳಿಯಲೆಂದು ತೂತಿನೊಳಗೆ ಅಯಸ್ಕಾಂತ ಕೂರಿಸಿ, ಗೂಟದವರೆಗೆ ವೈರು ಎಳೆದು, ಅಂಟು ತುಂಬಿ, ಸೂಪರ್ ಆಗಿದೆ ಗುರು, ಇನ್ನು ನೂರು ವರ್ಷ ಅಲ್ಲಾಡಲ್ಲ ಅಂದ. ಬಿರುಕು ಬಿಟ್ಟ ಕಲ್ಲಿನಲ್ಲಿ ಮಂಗಳಕಾರ್ಯದ ಅರಿಶಿನ ಬೀಸುವುದಿಲ್ಲ. ಅದು ಜಗನ್‌ಗೆ ಗೊತ್ತಿಲ್ಲ. ಶ್ರೀನಾಥನಿಗೆ ಗೊತ್ತಿತ್ತು. ಖುರ್ಷೀದ್ ಈ ಜನ್ಮದಲ್ಲಿ ಅದನ್ನು ಕೇಳುವುದಿಲ್ಲ ಎಂದು ಅವನ ಒಳಗಿನ ಯಾವನೋ ಲೆಕ್ಕ ಹಾಕಿದ್ದ, ಅಷ್ಟೆ.

ಹಲಸೂರು ಕೆರೆಯ ಹಿಂದಿನ ಹಳೆಯ ಬಂಗಲೆಯನ್ನು ಗ್ಯಾಲರಿ ಮಾಡಿಕೊಂಡಿದ್ದವರು ಅವನಿಗೆ ಅದರ ಊಟದ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಕಿಟಕಿಗಳಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದ್ದ. ಕಲ್ಲು ನಡುವೆ. ಮೇಲೆ ತೂಗುಹಾಕಿದ ಜರಡಿಯ ಹಿಂದೊಂದು ದೀಪ, ಅದರ ಬೆಳಕು ರಾಗಿಕಾಳಿನಂತೆ ಗೋಡೆಯ ತುಂಬ ಚೆಲ್ಲುತ್ತಿತ್ತು. ನೆಲಕ್ಕೆ ಹಲಗೆ ಹಾಸಿ ಅದರಡಿ ಸ್ಪೀಕರ್ ಹೂತಿದ್ದರಿಂದ ಕಲ್ಲು ತಿರುಗಿದರೆ ಕೂತವರ ಮೊಣಕಾಲಿನ ಮೂಳೆಯೊಳಗೆ ಗುರುಗುರು ಏಳುತ್ತಿತ್ತು. ಮೂಲೆಯಲ್ಲಿ ಒಂದು ಬಾಣಲೆ ರಾಗಿಹಿಟ್ಟು ಸದಾ ಬೆಚ್ಚಗಿದ್ದು, ಚಿಕ್ಕ ಫ್ಯಾನು ಅದರ ವಾಸನೆಯನ್ನು ಕತ್ತಲಿಗೆ ಊದುತ್ತಿತ್ತು. ಗೂಟಕ್ಕೆ ಎರಡು ತಾಮ್ರದ ಬಳೆ. ಇಬ್ಬರು ಅಪರಿಚಿತರು ಎದುರುಬದುರು ಕೂತು, ಕೈ ಮೇಲೆ ಕೈ ಬರುವ ಹಾಗೆ ಹಿಡಿದು ತಿರುಗಿಸಿದರೆ ಮಾತ್ರ ಹಾಡು. ಒಬ್ಬ ಕೈಬಿಟ್ಟರೂ ಮೌನ. ಚಿಕ್ಕ ಹುಡುಗನಾಗಿದ್ದಾಗ ಅವನು ಆಟಕ್ಕೆಂದು ಟೇಪಿನಲ್ಲಿ ಹಿಡಿದಿಟ್ಟಿದ್ದ ಅಕ್ಕಯಮ್ಮ ಖುರ್ಷೀದರ ಹಾಡು ಅದು. ಅದರ ಎರಡು ದನಿಗಳನ್ನು ಜಗನ್ ಕಂಪ್ಯೂಟರಿನಲ್ಲಿ ಹೇಗೋ ಬಿಡಿಸಿ, ಒಂದನ್ನು ಈ ಬದಿಯವರ ಬೆನ್ನ ಹಿಂದೆ, ಇನ್ನೊಂದನ್ನು ಆ ಬದಿಯವರ ಬೆನ್ನ ಹಿಂದೆ ಇಟ್ಟಿದ್ದ. ಹಾಗಾಗಿ ಪ್ರತಿಯೊಬ್ಬರಿಗೂ ಎದುರಿಗೆ ಕೂತ ಅಪರಿಚಿತನ ಎದೆಯಿಂದಲೇ ಹಾಡು ಬಂದಂತೆ ಕೇಳಿಸುವುದು. ಒಂದೇ ಲಿಫ್ಟಿನಲ್ಲಿ ವರ್ಷಗಟ್ಟಲೆ ಇಳಿದು ಹತ್ತಿದರೂ ಹೆಸರು ಕೇಳದ ಜನರ ಊರಿಗೆ ಇದು ಬೇಕು ಎಂದು ಅವನು ಬರೆದುಕೊಟ್ಟಿದ್ದ. ಬರೆಯುವಾಗ ನಂಬಿಯೇ ಬರೆದಿದ್ದ. ಬಾಗಿಲ ಪಕ್ಕದ ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಅವನ ಹೆಸರು, ಚಿಕ್ಕದರಲ್ಲಿ ಜಗನ್ ಹೆಸರು, ಕೊನೆಗೆ 'ಹಾಡು: ಸಾಂಪ್ರದಾಯಿಕ' ಎಂದಿತ್ತು. ಹಾಡಿದವರ ಹೆಸರು ತಿಳಿದರೆ ಅಪರಿಚಿತತೆ ಕೆಡುತ್ತದೆ ಎಂಬುದು ಗ್ಯಾಲರಿಯವರಿಗೆ ಅವನೇ ಕೊಟ್ಟ ಸಮಜಾಯಿಷಿ. ಅದಕ್ಕೂ ಅವರು ಹೂಂ ಅಂದಿದ್ದರು.

ನಾಳೆ ಉದ್ಘಾಟನೆ. ಜಗನ್ ನೆಲದ ಮೇಲೆ ಬೋರಲಾಗಿ ಮಲಗಿ ವೈರು ಜೋಡಿಸುತ್ತಿದ್ದ. ಸಿ.ವಿ. ರಾಮನ್ ನಗರದ ಕಂಪನಿಗೆ ರಜೆ ಹಾಕಿ ಬಂದಿದ್ದ ಪಾಪ. ಶ್ರೀನಾಥ ವಿಷಯ ಹೇಳಿದ. ಜಗನ್ ತಲೆ ಎತ್ತದೆಯೇ ನಕ್ಕ.

"ಬೇರೆ ಕಲ್ಲು ತಂದ್ಕೊಡು ಮಗಾ. ಶಿವಾಜಿನಗರದ ಗುಜರೀಲಿ ಹಳೇದು ಬೇಕಾದಷ್ಟು ಬಿದ್ದಿರ್ತವೆ. ಆಂಟಿಗೇನು ಗೊತ್ತಾಗುತ್ತೆ? ಕಲ್ಲು ಕಲ್ಲೇ ಅಲ್ವಾ."

ಆ ಮಾತು ಶ್ರೀನಾಥನಿಗೆ ಅಸಹ್ಯವಾಯಿತು. ಅಸಹ್ಯ ಯಾಕಾಯಿತೆಂದರೆ, ಹಲಸೂರಿನ ಸಿಗ್ನಲ್ಲಿನಲ್ಲಿ ನಿಂತಾಗ ಅವನೂ ಅದನ್ನೇ ಯೋಚಿಸಿದ್ದ. ಎಂಥ ಕಲ್ಲು, ಎಷ್ಟು ಅಗಲ, ಹೊಗೆ ಹಾಕಿ ಹಳತು ಮಾಡಬಹುದೇ, ಎಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ ಇರಬೇಕು.

ಖುರ್ಷೀದ್ ಬಂದಾಗ ಜಗನ್ ಊಟಕ್ಕೆ ಹೋಗಿದ್ದ. ಗೇಟಿನ ಹೊರಗೆ ಆಟೋ ನಿಲ್ಲಿಸಿ, ಕಲ್ಲಿಗೆ ಹೊದಿಸಲೆಂದು ಒಂದು ಹಳೆಯ ರಜಾಯಿ ಬಗಲಲ್ಲಿಟ್ಟುಕೊಂಡು ನಿಧಾನವಾಗಿ ನಡೆದು ಬಂದಳು. ಕುಗ್ಗಿದ್ದಳು. ಕಾವಲಿನವನು ಈ ಬಾಗಿಲಲ್ಲ, ಹಿಂದಿನ ಬಾಗಿಲಿಗೆ ಹೋಗು ಎಂದು ಕೈ ತೋರಿಸುವುದನ್ನೂ ಅವಳು ಆಯ್ತಪ್ಪ ಎಂದು ತಿರುಗುವುದನ್ನೂ ಶ್ರೀನಾಥ ಜಗುಲಿಯಿಂದ ನೋಡಿದ. ಓಡಿಹೋಗಿ ಕರೆತರಬೇಕು. ಓಡಲಿಲ್ಲ. ಅವಳು ಬಂಗಲೆಯನ್ನು ಸುತ್ತಿಕೊಂಡು ಬರುವಷ್ಟು ಹೊತ್ತು ತನಗೆ ಸಿಕ್ಕಿತೆಂದು ಒಂದು ಕ್ಷಣ ಹಾಯೆನಿಸಿತು. ಆಮೇಲೆ ಆ ಹಾಯೆನಿಸಿದ್ದು ನಾಲಗೆಯ ಮೇಲೆ ಕರಕರ ಎಂದಿತು.

"ಎಷ್ಟು ಸೊರಗಿದ್ದೀಯ ಸೀನಾ," ಅಂದಳು. ಮುಕ್ತಾರನ ಸುದ್ದಿ ಎತ್ತಲಿಲ್ಲ. ತನ್ನ ಮಂಡಿನೋವು, ಮದುವೆಯ ಹುಡುಗ ಟ್ಯಾನರಿ ರಸ್ತೆಯವನು, ಒಳ್ಳೆಯವನು, ಲೈಬಾಗಿಂತ ಅಡಿಗೆ ಅವನೇ ಚೆನ್ನಾಗಿ ಮಾಡುತ್ತಾನೆ ಎಂದು ನಗುತ್ತ ಹೇಳಿದಳು. ಚಕ್ಕಿ ಎಲ್ಲಿ ಅಂದಳು.

ಹೇಳಿಬಿಡಬೇಕಾದದ್ದು ಆಗಲೇ. ಅವನು ಹೇಳಲಿಲ್ಲ. ಬನ್ನಿ ಖಾಲಾ, ಒಂದು ಸಲ ಕೂತು ಕೇಳಿ ಎಂದು ಕತ್ತಲ ಕೋಣೆಗೆ ಕರೆದುಕೊಂಡು ಹೋದ. ಹಾಡು ಕೇಳಿದರೆ ಅವಳ ಮನಸ್ಸು ಕರಗೀತು, ಕರಗಿದ ಮನಸ್ಸಿಗೆ ತೂತು ಚಿಕ್ಕದಾಗಿ ಕಂಡೀತು. ಅಪರಿಚಿತರಿಗೆಂದು ಹೆಣೆದ ಆ ಕೋಣೆ ಅವನಿಗೆ ಆಗ ಒಂದು ಬಲೆಯಾಗಿ ಒದಗಿತು, ಅದು ಅವನಿಗೆ ಗೊತ್ತೂ ಇತ್ತು.

ಅವಳು ಹಲಗೆಯ ಮೇಲೆ ಕಷ್ಟಪಟ್ಟು ಕೂತು, ಒಂದು ಕಾಲು ಚಾಚಿ, ಒಂದು ಮಡಿಸಿ, ಮೊದಲು ಮಾಡಿದ್ದು ಕಲ್ಲಿನ ಬಾಯಿಗೆ ಬೆರಳು ಹಾಕಿ ನೋಡಿದ್ದು.

"ಏನೂ ಹಾಕಿಲ್ವಲ್ಲ ಬೇಟಾ. ಖಾಲಿ ಬೀಸ್ತಾರಾ?"

"ಇದು ಬೀಸಕ್ಕಲ್ಲ ಖಾಲಾ. ಕೇಳಕ್ಕೆ."

"ಖಾಲಿ ಬೀಸಿದ್ರೆ ಕಲ್ಲು ಕಲ್ಲನ್ನೇ ತಿನ್ನುತ್ತೆ," ಅಂದಳು. ಬೈದಂತಿರಲಿಲ್ಲ, ಮಗುವಿಗೆ ಬೆಂಕಿ ಸುಡುತ್ತದೆ ಎಂದಂತಿತ್ತು. ಬಿಸ್ಮಿಲ್ಲಾ ಎಂದು ಗೂಟ ಹಿಡಿದಳು. ಬೇರೆ ಯಾರೂ ಇರಲಿಲ್ಲವಾಗಿ ಅವನೇ ಎದುರಿಗೆ ಕೂತು ಅವಳ ಕೈಯ ಮೇಲೆ ಕೈಯಿಟ್ಟ. ಕಲ್ಲು ತಿರುಗಿತು. ನೆಲ ಗುರುಗುರು ಎಂದಿತು. ಅವನ ಬೆನ್ನ ಹಿಂದಿನಿಂದ ಹರೆಯದ ಅಕ್ಕಯಮ್ಮ ಎದ್ದುಬಂದಳು:

ತಿರುಗಮ್ಮ ಕಲ್ಲಮ್ಮ ತವರಿನ ಕಡೆಗೊಮ್ಮೆ,
ಹಿಟ್ಟು ನಿನಗಿಡುವೆ, ಹಾದಿ ನನಗಿರಲಿ

ಖುರ್ಷೀದ್ ತಲೆಯೆತ್ತಿ ಅವನ ಮುಖ ನೋಡಿದಳು. ಅವನನ್ನಲ್ಲ, ಅವನಿರುವಲ್ಲಿ ಕೂತಿದ್ದವಳನ್ನು. ಅವನಿಗೋ, ಎದುರಿನ ಮುದಿ ತುಟಿ ಮುಚ್ಚಿಯೇ ಇತ್ತು, ಆದರೆ ಅವಳ ಹಿಂದಿನಿಂದ ಅವಳದೇ ಎಳೆಯ ದನಿ, ಅಮ್ಮಾ ಕಾ ಘರ್ ಯಾದ್ ಆಯಾ, ಅಮ್ಮನ ಮನೆ ನೆನಪಾಯಿತು, ಎಂದು ಅದೇ ಮಟ್ಟಿನಲ್ಲಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಮುದಿ ತುಟಿಯೂ ಅಲ್ಲಾಡಿತು. ತನ್ನ ಹಳೆಯ ದನಿಯ ಕೆಳಗೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ, ಅವಳು ಗುನುಗತೊಡಗಿದಳು. ಅವಳ ಕೈ ಅವನ ಕೈಯಡಿಯಲ್ಲಿ ಬೆಚ್ಚಗಾಯಿತು. ಜರಡಿಯ ಬೆಳಕು ಅವಳ ಕೆನ್ನೆಯ ಮೇಲೆ ಕಾಳು ಕಾಳಾಗಿ ಹರಿಯುತ್ತಿತ್ತು. ಇದೇ, ಇದನ್ನೇ ನಾನು ಮಾಡಬೇಕೆಂದದ್ದು ಎಂದುಕೊಂಡ ಶ್ರೀನಾಥ. ಆ ಗಳಿಗೆಯಲ್ಲಿ ಅವನು ತೂತನ್ನು ನಿಜವಾಗಿಯೂ ಮರೆತಿದ್ದ.

ಆದರೆ ಬೀಸುವ ಹೆಂಗಸಿಗೆ ಒಂದು ಅಭ್ಯಾಸವುಂಟು. ಬಲಗೈ ಗೂಟ ತಿರುಗಿಸುತ್ತಿದ್ದರೆ ಎಡಗೈ ಸುಮ್ಮನಿರುವುದಿಲ್ಲ, ಅಂಚಿನ ಹಿಟ್ಟನ್ನು ಆಗಾಗ ಸವರಿ ಬೀಳಿಸುತ್ತದೆ. ಹಿಟ್ಟಿಲ್ಲದ ಕಲ್ಲಿನ ಮೇಲೂ ಖುರ್ಷೀದಳ ಎಡಗೈ ಹಾಗೇ ಸವರುತ್ತ ಹೋಯಿತು. ಹೋಗಿ ಒಂದು ಕಡೆ ನಿಂತಿತು. ಬೆರಳು ಅಂಟು ತುಂಬಿದ ಜಾಗವನ್ನು ಸುತ್ತಿತು, ವೈರನ್ನು ಮುಟ್ಟಿತು, ಅಲ್ಲಿಂದ ಬಿರುಕನ್ನು ಹಿಡಿದು ಅಂಚಿನವರೆಗೆ ಬಂತು. ಮತ್ತೆ ವಾಪಸು ಹೋಗಿ ಮತ್ತೆ ಬಂತು. ಜ್ವರ ಬಂದ ಮಗುವಿನ ಹಣೆ ನೋಡಿದ ಹಾಗೆ. ಆಮೇಲೆ ಅವಳು ಗೂಟದಿಂದ ಕೈ ತೆಗೆದಳು. ಹಾಡು ಅಕ್ಕಯಮ್ಮನ ಬಾಯಲ್ಲಿ ಅರ್ಧ ಮಾತಿಗೇ ಕಡಿಯಿತು.

"ನೀನೇ ಮಾಡಿದ್ದಾ? ಬೇರೆಯೋರ ಕೈಲಿ ಮಾಡಿಸಿದ್ದಾ?"

"ನಾನೇ ಖಾಲಾ."

"ಅಕ್ಕಂಗೆ ಗೊತ್ತಾ?"

"ಇಲ್ಲ."

ಫ್ಯಾನು ಮಾತ್ರ ರಾಗಿಯ ವಾಸನೆಯನ್ನು ಊದುತ್ತಲೇ ಇತ್ತು. ಬೈಯಲಿ ಎಂದು ಅವನು ಕಾದ. ಅಪ್ಪ ಮನೆ ಬಿಡಿಸಿದ್ದು, ತಾನು ಸಾವಿಗೆ ಬಾರದ್ದು, ಎಲ್ಲ ಸೇರಿಸಿ ಒಮ್ಮೆ ಬೈದುಬಿಟ್ಟರೆ ತಾನು ಅಳಬಹುದು, ಅತ್ತರೆ ಅವಳು ತಲೆ ಸವರಬಹುದು, ಅಲ್ಲಿಗೆ ಮುಗಿಯಬಹುದು. ಅವಳು ಹಲಗೆಗೆ ಕೈಯೂರಿ ಎದ್ದಳು. ಎದ್ದು ರಜಾಯಿಯನ್ನು ಮಡಿಕೆ ಸರಿಮಾಡಿ ಮತ್ತೆ ಬಗಲಿಗೆ ಸೇರಿಸಿದಳು.

"ಹಾಗಾದ್ರೆ ಹೇಳ್ಬೇಡ. ನಾನು ತಗೊಂಡ್ಹೋದೆ ಅನ್ನು," ಅಂದಳು. "ಅಮಾನತ್ ಇಟ್ಕೊಂಡೋಳು ಅವಳು. ಅವಳ ಕೈಲಿದ್ದಾಗ ಹೀಗಾಯ್ತು ಅಂತ ಗೊತ್ತಾದ್ರೆ ಅವಳಿಗೆ ಅನ್ನ ಇಳಿಯಲ್ಲ. ಜವಾಬು ಕೊಡ್ಬೇಕಾದೋಳು ನಾನು ಅಂತ ಕೂತ್ಕೋತಾಳೆ. ಈ ವಯಸ್ಸಲ್ಲಿ ಬೇಡ."

ಬಾಗಿಲ ಹತ್ತಿರ ತಿರುಗಿ, ಹಾಡು ಚೆನ್ನಾಗಿ ಬಂದಿದೆ ಎಂದಳು. ಮನೆಗೆ ಬಂದ ನೆಂಟರು ಕಾಫಿ ಚೆನ್ನಾಗಿತ್ತು ಎನ್ನುವ ಹಾಗೆ. ಅವನು ಗೇಟಿನವರೆಗೆ ಹಿಂದೆ ಹಿಂದೆ ಹೋದ. ಆಟೋದವನು ಕಲ್ಲು ಹೇರಬೇಕು ಅಂತ ಹೇಳಿ ಕರೆತಂದ್ರಲ್ಲಮ್ಮ, ಎಲ್ಲಿ ಎಂದು ತಕರಾರು ತೆಗೆದಾಗ ಖುರ್ಷೀದ್, "ಬಹಳ ಭಾರ ಇದೆಯಪ್ಪ, ನಡಿ," ಅಂದಳು.

ಆ ಸಂಜೆ ಅಕ್ಕಯಮ್ಮ ಕೇಳಿದಳು. ತಗೊಂಡು ಹೋದಳಾ? ಶ್ರೀನಾಥ ಹೂಂ ಅಂದ. ನೀನೇ ಎತ್ತಿಟ್ಟೆಯಾ? ಹೂಂ. ಅಕ್ಕಯಮ್ಮ ದೇವರಮನೆಯ ಕಡೆ ತಿರುಗಿ ಕೆನ್ನೆ ತಟ್ಟಿಕೊಂಡಳು. ಒಬ್ಬರದು ಒಬ್ಬರಿಗೆ ಸೇರಿತಪ್ಪ, ಇನ್ನು ನಾನು ಯಾವಾಗ ಹೋದರೂ ನಡೆಯುತ್ತದೆ ಅಂದಳು.

ಉದ್ಘಾಟನೆಗೆ ಜನ ಬಂದರು. ರಿಚರ್ಡ್ಸ್ ಟೌನಿನ ಒಬ್ಬ ನಿವೃತ್ತ ಮಿಲಿಟರಿ ಅಧಿಕಾರಿಯೂ ಕಾಲ್ ಸೆಂಟರಿನ ಒಬ್ಬ ಹುಡುಗಿಯೂ ಮೊದಲ ಜೋಡಿಯಾಗಿ ಕೂತರು. ಹೊರಗೆ ಬಂದಾಗ ಮುದುಕ ಕನ್ನಡಕ ತೆಗೆದು ಒರೆಸಿಕೊಂಡ, ಹುಡುಗಿ ಅವನ ತೋಳು ಬಿಡಲಿಲ್ಲ. ಸಾಲು ಜಗುಲಿಯ ತುದಿಯವರೆಗೆ ಬೆಳೆಯಿತು. ಪತ್ರಿಕೆಯ ಹುಡುಗನೊಬ್ಬ ಹಾಡಿದವರು ಯಾರು ಸಾರ್, ಇದ್ದಾರಾ ಎಂದು ಕೇಳಿದ. ಶ್ರೀನಾಥ ಬಾಯಿ ತೆರೆದ. ಹೆಸರು ಹೇಳಿದರೆ ಅವನು ಮನೆಗೆ ಹೋಗುತ್ತಾನೆ, ಮನೆಗೆ ಹೋದರೆ ಕಲ್ಲಿನ ಮಾತು ಬರುತ್ತದೆ. ಹಳೆಯ ಧ್ವನಿಮುದ್ರಣ, ಯಾರೆಂದು ತಿಳಿಯದು ಅಂದ. ಹುಡುಗ ಬರೆದುಕೊಂಡ. ಹೀಗೆ ತನ್ನ ತಾಯಿಯನ್ನೂ ತನಗೆ ಮುದ್ದೆ ಮುರಿದು ತಿನ್ನಿಸಿದ ಖುರ್ಷೀದಳನ್ನೂ ಅವನು ಹಾಡುಹಗಲಲ್ಲಿ ಅಪರಿಚಿತರನ್ನಾಗಿ ಮಾಡಿದ. ಒಳಗಿನಿಂದ ಕಲ್ಲು ಕಲ್ಲನ್ನು ತಿನ್ನುವ ಸದ್ದು ಬರುತ್ತಲೇ ಇತ್ತು. ಜನಕ್ಕೆ ಅದೂ ಸಂಗೀತವಾಗಿಯೇ ಕೇಳಿಸುತ್ತಿತ್ತು.

ಶುಕ್ರವಾರ ಅಕ್ಕಯಮ್ಮ ಮುಂಚೆಯೇ ಸೀರೆಯುಟ್ಟು ಸಿದ್ಧವಾಗಿ ಕೂತಿದ್ದಳು. ಬರುವುದಿಲ್ಲವೆನ್ನಲು ಅವನಿಗೆ ನೆಪ ಸಿಗಲಿಲ್ಲ. ಶಿವಾಜಿನಗರದಲ್ಲಿ ನಮಾಜು ಮುಗಿದು ಜನ ಚೆದುರುವ ಹೊತ್ತು. ಅವನು ಅಷ್ಟು ವರ್ಷ ತಪ್ಪಿಸಿಕೊಂಡ ಮೆಟ್ಟಿಲನ್ನು ತಾಯಿಯ ರಟ್ಟೆ ಹಿಡಿದು ಹತ್ತಿದ. ತಾರಸಿಗೆ ಬಣ್ಣದ ಬಟ್ಟೆ ಕಟ್ಟಿದ್ದರು. ಹೆಂಗಸರ ನಡುವೆ ಹಳದಿ ಓಢಣಿಯಲ್ಲಿ ತಲೆ ತಗ್ಗಿಸಿ ಕೂತ ಲೈಬಾ. ಅವಳ ಮುಂದೆ ಒಂದು ಬೀಸುವ ಕಲ್ಲು. ತೊಳೆದು, ಗೂಟಕ್ಕೆ ಕೆಂಪು ದಾರ ಸುತ್ತಿ, ಮಲ್ಲಿಗೆ ಮುಡಿಸಿದ್ದರು. ಗುಜರಿಯದೋ, ನೆರೆಯವರದೋ, ಶ್ರೀನಾಥನಿಗೆ ತಿಳಿಯದು. ಜಗನ್ ಹೇಳಿದ್ದನ್ನು, ತಾನು ಸಿಗ್ನಲ್ಲಿನಲ್ಲಿ ಯೋಚಿಸಿ ನಾಚಿದ್ದನ್ನು, ಖುರ್ಷೀದ್ ಮಾಡಿದ್ದಳು. ಅವನು ಮಾಡಿದ್ದರೆ ಅದು ಮೋಸವಾಗುತ್ತಿತ್ತು. ಅವಳು ಮಾಡಿದ್ದಕ್ಕೆ ಅವನ ಹತ್ತಿರ ಹೆಸರಿರಲಿಲ್ಲ.

ಬಾ ಅಕ್ಕ, ನೀನು ಬರಲಿ ಎಂದೇ ಕಾದಿದ್ದೆವು ಎಂದು ಖುರ್ಷೀದ್ ಎದುರಿನ ಜಾಗ ತೋರಿಸಿದಳು. ಶ್ರೀನಾಥನ ಕಡೆ ನೋಡಲಿಲ್ಲ. ಅಕ್ಕಯಮ್ಮ ಮುನೇಶ್ವರನನ್ನು ನೆನೆದು, ಸೆರಗು ಸಿಕ್ಕಿಸಿ, ಗೂಟಕ್ಕೆ ಕೈಯಿಟ್ಟಳು. ಮೇಲೆ ಖುರ್ಷೀದಳ ಕೈ. ಒಂದು ಸುತ್ತು ತಿರು​ಗಿತು.

ಅಕ್ಕಯಮ್ಮನ ಕೈ ನಿಂತಿತು. ಬರೀ ಒಂದು ಉಸಿರಿನಷ್ಟು ಹೊತ್ತು. ಕಲ್ಲನ್ನು ನೋಡಲಿಲ್ಲ, ಖುರ್ಷೀದಳನ್ನು ನೋಡಿದಳು. ಖುರ್ಷೀದ್ ಅರಿಶಿನದ ಬಟ್ಟಲನ್ನು ನೋಡುತ್ತಿದ್ದಳು. ಆಮೇಲೆ ಅಕ್ಕಯಮ್ಮ ಒಂದು ಹಿಡಿ ಅರಿಶಿನದ ಚೂರನ್ನು ಕಲ್ಲಿನ ಬಾಯಿಗೆ ಸುರಿದು ಸೊಲ್ಲು ಎತ್ತಿದಳು. ದನಿ ಒಡೆದಿತ್ತು. ಖುರ್ಷೀದ್ ತನ್ನ ಒಡೆದ ದನಿಯನ್ನು ಅದಕ್ಕೆ ಕೂಡಿಸಿದಳು. ನೆಲ ನಡುಗಲಿಲ್ಲ, ಗೋಡೆಯ ಮೇಲೆ ಬೆಳಕು ಚೆಲ್ಲಲಿಲ್ಲ. ಬಟ್ಟೆಯ ಚಪ್ಪರದಡಿ ಸೆಕೆ, ಮಕ್ಕಳ ಗಲಾಟೆ, ಕೆಳಗೆ ಬಸ್ಸುಗಳ ಹಾರನ್ನು. ಹಾಡು ಎರಡು ಸಲ ತಪ್ಪಿತು. ತಪ್ಪಿದಾಗ ಇಬ್ಬರೂ ನಕ್ಕರು. ಅರಿಶಿನದ ಪುಡಿ ಸಣ್ಣಗೆ ಸುತ್ತಲೂ ಉದುರುತ್ತಿತ್ತು, ಅದರಲ್ಲಿ ಕಲ್ಲಿನ ಪುಡಿಯೂ ಇದ್ದೀತು, ಒಗ್ಗದ ಕಲ್ಲು ಅದು. ಮುಗಿದ ಮೇಲೆ ಖುರ್ಷೀದ್ ಮನೆಯ ಗಂಡುಮಕ್ಕಳಿಗೆಲ್ಲ ಹಚ್ಚುತ್ತ ಬಂದು ಶ್ರೀನಾಥನ ಅಂಗೈಗೂ ಒಂದಿಷ್ಟು ಹಸಿ ಅರಿಶಿನ ಒತ್ತಿ, ಅವನ ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದಳು.

ವಾಪಸು ಬರುವಾಗ ಆಟೋದಲ್ಲಿ ಅಕ್ಕಯಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಹಲಸೂರು ಕೆರೆ ಬಂದಾಗ ತೆರೆದಳು. ನೀರಿನಾಚೆ ಆ ಬಂಗಲೆಯ ಹಂಚು ಕಾಣುತ್ತಿತ್ತು, ಅದು ಅವಳಿಗೆ ತಿಳಿಯದು.

"ಕೆಳಗಿನ ಕಲ್ಲು ವಾಪಸ್ ತರಬೇಡ ಸೀನ," ಅಂದಳು. "ಮೇಲಿಂದು ಎಲ್ಲಿದೆಯೋ ಅಲ್ಲೇ ಇರ್ಲಿ ಅದೂನೂ. ಅಷ್ಟು ವರ್ಷ ಜೊತೇಲಿದ್ದವು, ಬಿಡಿಸಬೇಡ."

ಅವನಿಗೆ ಹೂಂ ಅನ್ನಲೂ ಆಗಲಿಲ್ಲ. ಆಟೋ ಗುಂಡಿಗೆ ಇಳಿದು ಎದ್ದಿತು. ಅಕ್ಕಯಮ್ಮ ಅರಿಶಿನ ಹತ್ತಿದ ತನ್ನ ಕೈಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

"ನಂಗೆ ಗೊತ್ತಾಯ್ತು ಅಂತ ಖುರ್ಷೀದಂಗೆ ಹೇಳ್ಬೇಡ. ಆ ಕಲ್ಲು ತರಕ್ಕೆ ಎಷ್ಟು ಅಲೆದಿದ್ದಾಳೋ ಪಾಪ."

ಅವಳು ಮುಂದೆಯೂ ಆ ಮಾತು ಎತ್ತಲಿಲ್ಲ. ಊಟಕ್ಕೆ ಬಡಿಸಿದಳು, ಇನ್ನೊಂದು ಚೂರು ಹಾಕಲಾ ಎಂದು ಕೇಳಿದಳು. ಆದರೆ ಅವತ್ತಿನಿಂದ ಯಾವ ಕಥೆಯನ್ನೂ ಹೇಳಲಿಲ್ಲ.

ಅರಿಶಿನದ ಮಾರನೆಯ ಬೆಳಿಗ್ಗೆ ಗ್ಯಾಲರಿ ತೆರೆಯುವ ಮುಂಚೆ ಶ್ರೀನಾಥ ಒಬ್ಬನೇ ಕೋಣೆಗೆ ಹೋದ. ಎಷ್ಟು ತೊಳೆದರೂ ಅಂಗೈಯ ಹಳದಿ ಹೋಗಿರಲಿಲ್ಲ. ಕಿಸೆಯಲ್ಲಿ ತಂದಿದ್ದ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಿದ. ತಾಯಿಯ ಕಡೆಗೆ ಕೂರಬೇಕೋ ಖುರ್ಷೀದಳ ಕಡೆಗೋ ತಿಳಿಯದೆ ಕೊನೆಗೆ ಸಿಕ್ಕ ಕಡೆ ಕೂತ. ಗೂಟ ಹಿಡಿದು ತಿರುಗಿಸಿದ. ತಾಮ್ರಕ್ಕೆ ಹಳದಿ ಹತ್ತಿತು. ನೆಲ ನಡುಗಲಿಲ್ಲ, ಬೆನ್ನ ಹಿಂದೆ ಯಾರೂ ಏಳಲಿಲ್ಲ. ಇನ್ನೊಂದು ಕೈಯಿಂದ ಗೂಟದ ಎರಡನೆಯ ಬಳೆಯನ್ನೂ ಮುಟ್ಟಿ ನೋಡಿದ. ಒಬ್ಬನದೇ ಎರಡು ಕೈಯಾದರೆ ಜಗನ್ ಕೂರಿಸಿದ ಯಂತ್ರಕ್ಕೆ ಗೊತ್ತಾಗುತ್ತಿತ್ತು. ಒಬ್ಬನಿಗೆ ಅದು ಹಾಡುವುದಿಲ್ಲ. ಹಾಗೆ ಮಾಡಿಟ್ಟವನು ಅವನೇ.